ಅಪ್‌ಡೇಟ್: ತೀರ್ಥಹಳ್ಳಿಯ ನಮ್ಮ ಹಿತ್ತಲಿನ ಗ್ರೀನ್‌ಹೌಸ್

ಮಳೆಗಾಲದಲ್ಲೂ ಟೊಮೇಟೊ ಬೆಳೆಯಲು ಹಿತ್ತಲಲ್ಲಿ ಗ್ರೀನ್‌ಹೌಸ್ ಮಾಡಬೇಕು, ಬಿದಿರು ಒಳ್ಳೇದಾ, ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಾ ಅಂತ ಬೇಸಿಗೆಯಲ್ಲಿ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೊನೆಗೆ ಜಿಐ ಪೈಪೇ ಹಾಕಿಸಿದೆ. 10 ಅಡಿ ಅಗಲ, 15 ಅಡಿ ಉದ್ದ. ಮೇಲೆ 200 ಮೈಕ್ರಾನ್ ದಪ್ಪದ ಯುವಿ ಶೀಟ್, ಅಂದರೆ ಬಿಸಿಲಿಗೆ ಬೇಗ ಹಾಳಾಗದ ಪ್ಲಾಸ್ಟಿಕ್ ಹಾಳೆ. ನಮ್ಮ ಕಡೆಯ ಮಳೆ ಗೊತ್ತಲ್ವಾ, ಆಗುಂಬೆ ಇಲ್ಲೇ ಪಕ್ಕ. ಮೊದಲು ಮಾಡಿಗೆ ಇಳಿಜಾರು ಕಡಿಮೆ ಇಟ್ಟಿದ್ದೆವು. ಮೊದಲ ಜೋರು ಮಳೆಗೇ ನೀರು ನಿಂತು ಶೀಟು ಎಮ್ಮೆ ಹೊಟ್ಟೆಯ ಹಾಗೆ ಜೋತುಬಿತ್ತು. ಅಪ್ಪಯ್ಯ ಕೊಡೆ ಹಿಡಿದು ಬಂದು ನೋಡಿ, "ಹೆಂಚಿನ ಮಾಡಿನಷ್ಟು ಇಳಿಜಾರು ಬೇಕು ಮಾರಾಯ" ಅಂದರು. ಅವರು ಹೇಳಿದ್ದೇ ಸರಿ. ನಡುವಿನ ಕಂಬಗಳನ್ನು ಎರಡು ಅಡಿ ಎತ್ತರಿಸಿದ ಮೇಲೆ ನೀರು ನಿಲ್ಲುತ್ತಿಲ್ಲ.

ಗಾಳಿಯದ್ದು ಇನ್ನೂ ಮುಖ್ಯ. ನಾಲ್ಕೂ ಬದಿ ಶೀಟಿನಿಂದ ಮುಚ್ಚಿದ್ದಾಗ ಬೆಳಗ್ಗೆ ಎಲೆ ತುಂಬಾ ನೀರಿನ ಮಣಿ. ಎಲೆಯ ಅಂಚು ಕಪ್ಪಾಗಿ ಕೊಳೆಯತೊಡಗಿತು. ಈಗ ಎದುರುಬದುರು ಎರಡು ಬದಿಗೆ ಬರೀ ಬಲೆ. ಕೊಳೆತ ಎಲೆ ಕಿತ್ತು ಸುಟ್ಟೆ. ಹೊಸ ಚಿಗುರು ಚೆನ್ನಾಗಿದೆ.

ಬೇಸಿಗೆಗೆ 50 ಪರ್ಸೆಂಟ್ ಶೇಡ್ ನೆಟ್ (ಅರ್ಧದಷ್ಟು ಬಿಸಿಲು ತಡೆಯುವ ನೆರಳು ಬಲೆ) ಎಳೆಯುತ್ತೇನೆ. ನಿನ್ನೆ ಮೊದಲ ಟೊಮೇಟೊ ಕೆಂಪಾಯ್ತು. ಅಮ್ಮ ಕಿತ್ತು ದೇವರ ಮುಂದೆ ಇಟ್ಟಿದ್ದಾರೆ.