ಇದು ಬೇಕೇನ್ರಿ, ಚೆಲ್ಲೂದೇನ್ರಿ?

ನಿನ್ನೆ ಹೊರದೇಶದ ಕನ್ನಡಿಗರ ಈ ಗುಂಪಿನಲ್ಲಿ ಪ್ರಶ್ನೆ ಕೇಳಿದ ತಂಗಿಗೆ ಈ ಉತ್ತರ. ನಿಮ್ಮ ಬೀದಿಯ ಚರ್ಚಿನವರು ನೆರೆ ನುಗ್ಗಿದ ಮನೆಗಳನ್ನು ತೊಳೆಯಲು ಹೊರಟಿದ್ದಾರೆ, ಹದಿನಾಲ್ಕರ ಮಗ ತಾನೂ ಹೋಗ್ತೀನಿ ಅಂತಿದ್ದಾನೆ, ಕಳಿಸಲಾ ಬೇಡವಾ ಅಂತ ಕೇಳಿದ್ದೀರಿ. ಒಮ್ಮೆ ಕಳಿಸಿದರೆ ಆಮೇಲೆ ಪ್ರತಿ ಭಾನುವಾರ ಕರೀತಾರೆ ಅಂತ ಕೆಲವರು ಹೆದರಿಸಿದ್ದಾರೆ. ನಾನು ಕಳಿಸಿ ಅಂತೀನಿ. ಯಾಕೆ ಅಂತ ಹೇಳಬೇಕಾದರೆ ನನ್ನ ತವರೂರಿನ ಮಾತು ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ.

ನನ್ನ ತವರು ಬೆಳಗಾವಿ ಜಿಲ್ಲೆಯ ರಾಮದುರ್ಗ. ಮಲಪ್ರಭಾ ನದಿ ದಂಡೆಯ ಊರು, ನೇಕಾರರ ಊರು. ಈ ನದಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅದಕ್ಕೆ ಅಣೆಕಟ್ಟು. ಅದರ ಕೆಳಗೆ ನಾವು, ನಮ್ಮ ಕೆಳಗೆ ಪಟ್ಟದಕಲ್ಲು. ನಮ್ಮೂರಲ್ಲಿ ಹನಿ ಬೀಳದಿದ್ದರೂ ಖಾನಾಪುರದ ಕಾಡಿನಲ್ಲಿ ಮಳೆ ಹಿಡಿದರೆ ಅಣೆಕಟ್ಟು ತುಂಬುತ್ತದೆ, ಗೇಟು ತೆಗೆಯುತ್ತಾರೆ, ನೀರು ನಮ್ಮ ಓಣಿಗೆ ಬರುತ್ತದೆ. 2009ರಲ್ಲೂ ಬಂದಿತ್ತು. 2019ರ ಆಗಸ್ಟ್‌ನಲ್ಲಿ ಬಂದದ್ದು ಬೇರೆಯೇ ತರ. ಆ ಬೇಸಿಗೆ ಪೂರ್ತಿ ಬರ ಅಂತ ಕೊಡ ಹಿಡಿದು ನಿಂತಿದ್ದ ಜನ, ಒಂದೇ ರಾತ್ರಿಯಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಮನೆ ಬಿಟ್ಟರು.

"ಜ್ವಾಳದ ಚೀಲ ಅಟ್ಟದ ಮ್ಯಾಲ ಇಟ್ಟೀನಿ, ನಾವು ಸಾಲಿ ಕಡೆ ಹೊಂಟೀವಿ, ನೀ ಅಂಜಬ್ಯಾಡ" ಅಂತ ಅಪ್ಪ ಫೋನಿನಲ್ಲಿ ಹೇಳಿದರು. ಆಮೇಲೆ ಎರಡು ದಿನ ಫೋನು ಹತ್ತಲಿಲ್ಲ. ನಾನು ಅಮೆರಿಕದ ಹೂಸ್ಟನ್‌ನಲ್ಲಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಈ ಗುಂಪಿನಲ್ಲಿ ಎಷ್ಟೋ ಜನಕ್ಕೆ ಆ ಎರಡು ದಿನ ಏನು ಅಂತ ಗೊತ್ತಿದೆ.

ನೀರು ಇಳಿದ ಮೇಲೆ ಹದಿಮೂರು ವರ್ಷದ ಮಗಳನ್ನು ಕರೆದುಕೊಂಡು ಹೋದೆ. ಅವಳಿಗೆ ಎರಡು ವಾರ ಶಾಲೆ ತಪ್ಪಿತು. ತಪ್ಪಲಿ ಅಂದೆ.

ನಮ್ಮದು ಕಲ್ಲಿನ ಮನೆ, ನಿಂತಿತ್ತು. ಪಕ್ಕದ ದೊಡ್ಡವ್ವನದು ಮಣ್ಣಿನ ಗೋಡೆ. ಮಣ್ಣಿನ ಗೋಡೆ ಎಷ್ಟೋ ಸಲ ನೀರಿದ್ದಾಗ ನಿಂತಿರುತ್ತದೆ. ನೀರು ಇಳಿದು ಬಿಸಿಲು ಬಿದ್ದ ಮೇಲೆ ಕುಸಿಯುತ್ತದೆ. ಅವಳ ಮನೆಯ ಹಿಂದಿನ ಗೋಡೆ ಹಾಗೇ ಹೋಯಿತು. ಒಳಗೆ ಕುಣಿಮಗ್ಗ. ನೇಕಾರರು ಕಾಲಿಳಿಸಿ ಕೂರುವ ಆ ಕುಣಿಯ ತುಂಬ ರಾಡಿ, ಅಂದರೆ ಕೆಸರು. ಮಗ್ಗದ ಮೇಲಿದ್ದ ಹಾಸು, ಅಂದರೆ ಉದ್ದನೂಲು, ಕಪ್ಪಗೆ ಅಂಟಿಕೊಂಡಿತ್ತು.

ನಾವು ಹೋದ ಮರುದಿನ ಬೆಳಿಗ್ಗೆ ಹನ್ನೆರಡು ಜನ ಬಂದರು. ಸಲಿಕೆ, ಪುಟ್ಟಿ, ಬ್ಲೀಚಿಂಗ್ ಪುಡಿ ಎಲ್ಲ ತಂದಿದ್ದರು. ಊರಿನ ಚರ್ಚಿನ ಸಭೆಯವರು. ಚಿಕ್ಕ ಸಭೆ, ಶ್ರೀಮಂತರೇನಲ್ಲ. ಅವರಲ್ಲೇ ನಾಲ್ಕು ಮನೆಗೆ ನೀರು ಹೊಕ್ಕಿತ್ತು. ನಮ್ಮ ಸೀಮೆಯಲ್ಲಿ ಚರ್ಚು ಹೊಸದಲ್ಲ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ, ಕುಪ್ಪಸದ ಖಣ ನೇಯುವ ಊರಲ್ಲಿ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1851ರಲ್ಲೇ ನೆಲೆ ನಿಂತಿತ್ತು. ಆದರೂ ಅಷ್ಟು ವರ್ಷ ಒಂದೇ ಊರಲ್ಲಿದ್ದು ನಮ್ಮ ಅವ್ವ ಅವರ ಮನೆಯ ನೀರು ಕುಡಿದಿರಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಈಗ ಮಗಳ ಮಾತು. ಹೂಸ್ಟನ್‌ನಲ್ಲಿ 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಬಂದಾಗ ಅವಳು ಹನ್ನೊಂದರವಳು. ಆಗಲೂ ನಮ್ಮ ಬೀದಿಗೆ ಚರ್ಚಿನವರು ಬಂದಿದ್ದರು. ಅಲ್ಲಿ ಗೋಡೆಯೆಂದರೆ ಜಿಪ್ಸಮ್ ಹಲಗೆ. ನೆಂದರೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಬೇಗ ಕತ್ತರಿಸಿ, ಕಾರ್ಪೆಟ್ ಕಿತ್ತು, ಎಲ್ಲ ರಸ್ತೆ ಅಂಚಿಗೆ ಎಸೆಯಬೇಕು. ಬೇಗ ಎಸೆದಷ್ಟೂ ಒಳ್ಳೆಯದು. ಮಗಳ ತಲೆಯಲ್ಲಿ ಅದೇ ಇತ್ತು. ದೊಡ್ಡವ್ವನ ಮನೆ ಹೊಕ್ಕವಳೇ ಒಂದು ರಾಡಿ ಹಿಡಿದ ಗಂಟನ್ನು ಎತ್ತಿ ಹೊರಗೆ ಹಾಕಲು ಹೊರಟಳು.

ಸಭಾಪಾಲಕರ, ಅಂದರೆ ಆ ಚರ್ಚಿನ ಪಾದ್ರಿಯ, ಹೆಂಡತಿ ಅವಳ ಕೈ ಹಿಡಿದರು. "ತಡಿಯವ್ವಾ. ಮೊದ್ಲ ಕೇಳಬೇಕು" ಅಂದರು. ದೊಡ್ಡವ್ವನ ಮುಂದೆ ಗಂಟು ಹಿಡಿದು, "ಇದು ಬೇಕೇನ್ರಿ, ಚೆಲ್ಲೂದೇನ್ರಿ?" ಅಂತ ಕೇಳಿದರು. ದೊಡ್ಡವ್ವ ಗಂಟು ಬಿಚ್ಚಿದಳು. ಒಳಗೆ ತೀರಿಹೋದ ಗಂಡ ನೇಯುವಾಗ ಹಿಡಿಯುತ್ತಿದ್ದ ಲಾಳಿ ಇತ್ತು.

ಆಮೇಲೆ ಹತ್ತು ದಿನ ನನ್ನ ಮಗಳ ಕೆಲಸ ಅದೇ. ಒಂದೊಂದು ಸಾಮಾನು ಎತ್ತುವುದು, ದೊಡ್ಡವ್ವನ ಎದುರು ಕುಕ್ಕರುಗಾಲಲ್ಲಿ ಕೂತು ಕೇಳುವುದು, ಬೇಕು ಅಂದರೆ ತೊಳೆಯುವುದು. ಹೂಸ್ಟನ್‌ನಲ್ಲಿ ಅವಳನ್ನು ನಾಲ್ಕು ವರ್ಷ ಕನ್ನಡ ಶಾಲೆಗೆ ಕಳಿಸಿದ್ದೆ. ಬಣ್ಣದ ಹೆಸರು, ಪ್ರಾಣಿಗಳ ಹೆಸರು ಕಲಿತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಇಲ್ಲಿ ಬಾಯಿ ಬಿಡದೆ ಕೆಲಸ ಸಾಗುತ್ತಿರಲಿಲ್ಲ ಅಲ್ವಾ? ರಾಡಿ, ಪುಟ್ಟಿ, ಹಾಸು, ಅಡ್ಡನೂಲಿನ ಹೊಕ್ಕು ಎಲ್ಲ ನಾಲಿಗೆಗೆ ಬಂತು. ಮಕ್ಕಳಿಗೆ ಕನ್ನಡ ಬರಲ್ಲ ಅಂತ ನಾವು ಈ ಗುಂಪಿನಲ್ಲಿ ತಿಂಗಳಿಗೊಮ್ಮೆ ಕೊರಗುತ್ತೇವೆ. ಅವಳಿಗೆ ಬಂದದ್ದು ಹೀಗೆ.

ಸಭೆಯ ಹುಡುಗರು ಮಾಡಿದ ಇನ್ನೊಂದು ಕೆಲಸ ನಾನು ಮರೆಯಲ್ಲ. ಯಾವ ಮನೆಯನ್ನೂ ತೊಳೆಯುವ ಮೊದಲು ಫೋಟೋ ತೆಗೆದರು. ತೊಳೆದುಬಿಟ್ಟರೆ ಸರ್ವೆಗೆ ಬಂದವರಿಗೆ ತೋರಿಸಲು ಏನೂ ಉಳಿಯಲ್ಲ. ಆಗ ಸರ್ಕಾರ ತಕ್ಷಣದ ಪರಿಹಾರ ಅಂತ 10 ಸಾವಿರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಓದು ಬಾರದವರಿಗೆ ಅರ್ಜಿ ಬರೆದುಕೊಟ್ಟರು. ನೆಂದ ರೇಷನ್ ಕಾರ್ಡು, ಪಾಸ್‌ಬುಕ್ಕುಗಳ ಹಾಳೆಗಳ ನಡುವೆ ಪೇಪರ್ ಇಟ್ಟು ಒಣಗಿಸಿದರು. ಅವರ ಹಾಲ್‌ನಲ್ಲಿ ಯಾವ ಜಾತಿ ಅಂತ ಕೇಳದೆ ಜನ ಮಲಗಿದ್ದರು. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಎಷ್ಟೋ ದಿನ ಕೆಡಲ್ಲ, ಇಂಥ ಹೊತ್ತಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ದೂರದಿಂದ ಜನ ಲಾರಿಗಟ್ಟಲೆ ಹಳೆ ಬಟ್ಟೆ ಕಳಿಸಿದ್ದರು. ಪ್ರೀತಿಯಿಂದಲೇ ಕಳಿಸಿದ್ದು, ಆದರೆ ರಾಶಿ ಬಿದ್ದು ಹಾಳಾಯಿತು. ಬೇಕಿದ್ದದ್ದು ಚಾಪೆ, ಹೊದಿಕೆ, ಪಾತ್ರೆ. ಸಭೆಯವರು ಮನೆಮನೆಗೆ ಹೋಗಿ ಕೇಳಿ ಪಟ್ಟಿ ಮಾಡಿದರು. ರವಿವಾರದ ಕಾಣಿಕೆ ಹಣದಲ್ಲಿ ಅದನ್ನೇ ತಂದರು.

ಮತಾಂತರದ ಅಳುಕು ನಮ್ಮ ಅವ್ವನಿಗೂ ಇತ್ತು. ಮೂರನೇ ದಿನ ನೇರವಾಗಿ ಕೇಳಿಯೇ ಬಿಟ್ಟಳು: "ನಿಮ್ಮ ದೇವರಿಗೆ ಬರ್ರಿ ಅಂತೀರೇನ ಮುಂದ?" ಸಭಾಪಾಲಕರ ಹೆಂಡತಿ ಬೇಸರ ಮಾಡಿಕೊಳ್ಳಲಿಲ್ಲ. "ಪ್ರಾರ್ಥನಾ ಮುಂಜಾನೆ ನಮ್ಮ ಗುಡ್ಯಾಗ ಮಾಡಿ ಬಂದೀವ್ರಿ. ಇಲ್ಲಿ ರಾಡಿ ತಗ್ಯಾಕ ಬಂದೀವಿ" ಅಂದರು. ಆಮೇಲೂ ಅವರು ಆ ಮಾತಿನಂತೆಯೇ ನಡೆದರು. ಆ ವರ್ಷ ಗಣೇಶ ಚತುರ್ಥಿ ಸೆಪ್ಟೆಂಬರ್ 2ಕ್ಕಿತ್ತು. ಹಿಂದಿನ ದಿನ ರವಿವಾರ. ಆರಾಧನೆ ಮುಗಿಸಿ ಅದೇ ಹುಡುಗರು ಬಂದು ದೊಡ್ಡವ್ವನ ಉಳಿದ ಗೋಡೆಗಳಿಗೆ ಸುಣ್ಣ ಬಳಿದರು, ಮರುದಿನ ಅವಳು ಗಣಪ್ಪನನ್ನು ಕೂರಿಸಬೇಕು ಅಂತ. ಅವತ್ತು ಸಂಜೆ ಅವ್ವ ಅವರ ಚರಿಗೆಯಿಂದ ನೀರು ಕುಡಿದಳು. ನಾನು ನೋಡಿದೆ, ಏನೂ ಅನ್ನಲಿಲ್ಲ.

ಎಲ್ಲ ಕಡೆ ಹೀಗೇ ಇರುತ್ತದೆ ಅಂತ ಹೇಳಲ್ಲ. ನೀವೂ ಅವ್ವನ ತರ ನೇರವಾಗಿ ಕೇಳಿ. ಕೆಲಸ ಏನು, ಎಷ್ಟು ಹೊತ್ತು, ಮಕ್ಕಳ ಜೊತೆ ದೊಡ್ಡವರು ಯಾರಿರುತ್ತಾರೆ, ಅಲ್ಲಿ ಪ್ರಾರ್ಥನೆ ಇದೆಯಾ, ಇದ್ದರೆ ಮಗ ಸುಮ್ನೆ ಪಕ್ಕಕ್ಕೆ ನಿಲ್ಲಬಹುದಾ. ಅಕ್ಕಿಯ ಜೊತೆ ಮತದ ಪುಸ್ತಕ ಕೊಡುವವರಾದರೆ ನಾನೂ ಕಳಿಸಲ್ಲ. ಒಳ್ಳೆಯವರು ಈ ಪ್ರಶ್ನೆಗಳಿಗೆ ಸಿಟ್ಟಾಗಲ್ಲ. ಮೊದಲ ದಿನ ನೀವೂ ಜೊತೆಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ, ಸಲಿಕೆ ಹಿಡಿಯಿರಿ.

ಮಗನಿಗೆ ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು, ದಪ್ಪ ಗ್ಲೌಸು ಕೊಡಿಸಿ. ಬೂಷ್ಟಿದ್ದರೆ ಮಾಸ್ಕ್ ಬೇಕೇ ಬೇಕು. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿದೆ ಅಂತ ನೋಡಿ, ರಾಡಿಯಲ್ಲಿ ಮೊಳೆ ಕಾಣಲ್ಲ. ಮತ್ತೆ ಏನನ್ನಾದರೂ ಎಸೆಯುವ ಮೊದಲು ಆ ಮನೆಯವರನ್ನು ಕೇಳಲು ಹೇಳಿಕೊಡಿ. ನನ್ನ ಮಗಳು ಈಗಲೂ ಕೋಣೆ ಗುಡಿಸುವಾಗ ನನ್ನ ಹಳೆ ಸಾಮಾನು ಸಿಕ್ಕರೆ ಎತ್ತಿ ಹಿಡಿದು ಕೇಳುತ್ತಾಳೆ, "ಅಮ್ಮ, ಇದು ಬೇಕೇನ್ರಿ, ಚೆಲ್ಲೂದೇನ್ರಿ?"