ಇಮ್ಯೂನ್ ಸಿಸ್ಟಮ್ ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ, ಎಲ್ಲಿಂದ ಹಿಡಿಯಬೇಕು?

ಹೊಸಏಪ್ರನ್:

ಎಲ್ಲರಿಗೂ ನಮಸ್ಕಾರ. ನಾನು ನರ್ಸಿಂಗ್ ಎರಡನೇ ವರ್ಷ. ಹೃದಯ, ಕಿಡ್ನಿ, ಶ್ವಾಸಕೋಶ ಎಲ್ಲ ಹೇಗೋ ಅರ್ಥವಾಯಿತು. ಅವಕ್ಕೆ ಮೈಯಲ್ಲಿ ಒಂದು ಜಾಗ ಇದೆ, ಚಿತ್ರ ಬರೆದು ಬಾಣ ಹಾಕಿದರೆ ಆಯಿತು. ಈ ರೋಗನಿರೋಧಕ ವ್ಯವಸ್ಥೆಗೆ ಮಾತ್ರ ಅಂಥ ಜಾಗವೇ ಇಲ್ಲ ಅಲ್ವಾ. ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್, ಟಿ ಸೆಲ್, ಬಿ ಸೆಲ್, ಐಜಿಎಂ, ಐಜಿಜಿ, ಕಾಂಪ್ಲಿಮೆಂಟ್... ಬರೀ ಹೆಸರುಗಳ ರಾಶಿ. ರಾತ್ರಿ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ಹೋಗಿರುತ್ತದೆ.

ಬರೀ ಪರೀಕ್ಷೆಗೆ ಆಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೋದ ವಾರ ಪೋಸ್ಟಿಂಗ್‌ನಲ್ಲಿ ಕೀಮೋ ಆಗಿ ಹತ್ತು ದಿನವಾದ ಒಬ್ಬರಿದ್ದರು, ಆರಾಮಾಗಿ ಮಾತಾಡುತ್ತಾ ಕೂತಿದ್ದರು. ಟೆಂಪರೇಚರ್ 38.4 ಡಿಗ್ರಿ ಸೆಲ್ಸಿಯಸ್ ಇತ್ತು. ಚಾರ್ಟಿನಲ್ಲಿ ಬರೆದೆ, ರೌಂಡ್ಸ್ ಹೊತ್ತಿಗೆ ಹೇಳಿದರಾಯಿತು ಅಂತ ಮುಂದಿನ ಬೆಡ್‌ಗೆ ಹೋದೆ. ಸೀನಿಯರ್ ಸಿಸ್ಟರ್ ಚಾರ್ಟ್ ನೋಡಿದ್ದೇ ತಡ, ಅವರ ಹತ್ತಿರ ಓಡಿದರು. ಅದರ ಹಿಂದಿನ ದಿನ ಇನ್ನೊಂದು ವಾರ್ಡಿನಲ್ಲಿ ಕಾಲಲ್ಲಿ ಕೀವು ಕಟ್ಟಿದ ರೋಗಿಗೆ 39 ಇತ್ತು, ಅಲ್ಲಿ ಯಾರೂ ಓಡಿರಲಿಲ್ಲ. 39ಕ್ಕಿಂತ 38.4 ಹೇಗೆ ದೊಡ್ಡದಾಯಿತು? ಅವತ್ತಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ. ನಾನು ತಡ ಮಾಡಿದ್ದು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ರಾತ್ರಿಪಾಳಿ:

ನೋಡಮ್ಮ, ಮೊದಲು ಆ ಹೆಸರುಗಳ ಪಟ್ಟಿಯನ್ನು ಪಕ್ಕಕ್ಕಿಡಿ. ನಾನು ಕ್ಯಾನ್ಸರ್ ವಾರ್ಡಿನಲ್ಲಿ ತುಂಬಾ ವರ್ಷದಿಂದ ಇದ್ದೇನೆ, ಹೊಸಬರಿಗೆ ಒಂದೇ ಮಾತು ಹೇಳುವುದು: ಯಾವ ಸೆಲ್ ಏನು ಮಾಡುತ್ತದೆ ಅಂತ ಆಮೇಲೆ ಓದಿ, ಎಷ್ಟು ಹೊತ್ತಿಗೆ ಯಾರು ಬರುತ್ತಾರೆ ಅಂತ ಮೊದಲು ಓದಿ. ಗಡಿಯಾರ ಹಿಡಿದು ಓದಿದರೆ ಇದಕ್ಕೂ ಒಂದು ಚಿತ್ರ ಸಿಗುತ್ತದೆ.

ಕಾಲಿಗೆ ಮುಳ್ಳು ಚುಚ್ಚಿತು ಅಂದುಕೊಳ್ಳಿ. ಚರ್ಮ ಅನ್ನುವ ಗೋಡೆ ಒಡೆಯಿತು, ಮುಳ್ಳಿನ ಜೊತೆ ಬ್ಯಾಕ್ಟೀರಿಯಾ ಒಳಗೆ ಹೋಯಿತು. ನಿಮಿಷಗಳಲ್ಲೇ ಆ ಜಾಗದಲ್ಲಿ ಮೊದಲಿಂದ ಮನೆ ಮಾಡಿಕೊಂಡಿರುವ ಮ್ಯಾಕ್ರೋಫೇಜ್ ಮತ್ತು ಮಾಸ್ಟ್ ಸೆಲ್ ಎಚ್ಚರವಾಗುತ್ತವೆ. ಮಾಸ್ಟ್ ಸೆಲ್ ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುತ್ತದೆ, ರಕ್ತನಾಳ ಹಿಗ್ಗುತ್ತದೆ, ಅದರ ಗೋಡೆ ಸ್ವಲ್ಪ ಸಡಿಲವಾಗಿ ನೀರು ಹೊರಗೆ ಜಿನುಗುತ್ತದೆ. ಕೆಂಪು, ಬಿಸಿ, ಊತ, ನೋವು ಅಂತ ನಾವು ಬಾಯಿಪಾಠ ಮಾಡುವ ನಾಲ್ಕೂ ಇಲ್ಲಿಂದಲೇ ಬಂದವು. ರಕ್ತ ಜಾಸ್ತಿ ಬಂದದ್ದಕ್ಕೆ ಕೆಂಪು ಮತ್ತು ಬಿಸಿ, ನೀರು ಜಿನುಗಿದ್ದಕ್ಕೆ ಊತ, ನರದ ತುದಿಗಳು ಕೆರಳಿದ್ದಕ್ಕೆ ನೋವು.

ಕೆಲವು ಗಂಟೆಗಳಲ್ಲಿ ನ್ಯೂಟ್ರೋಫಿಲ್‌ಗಳು ಬರುತ್ತವೆ. ಇವು ಒಂದು ಬಗೆಯ ಬಿಳಿ ರಕ್ತಕಣ, ರಕ್ತದಲ್ಲಿ ಓಡಾಡುತ್ತಾ ಇರುತ್ತವೆ, ಕರೆ ಬಂದ ಕಡೆ ನಾಳದ ಗೋಡೆಗೆ ಅಂಟಿ, ಸಂದಿಯಲ್ಲಿ ನುಸುಳಿ ಹೊರಬಂದು, ಬ್ಯಾಕ್ಟೀರಿಯಾ ನುಂಗಿ ಅಲ್ಲೇ ಸಾಯುತ್ತವೆ. ಕೀವು ಅಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಹೀಗೆ ಸೆಲ್‌ಗಳು ಓಡಿ ಬಂದು ಮುತ್ತುವುದನ್ನು 1882ರಲ್ಲಿ ಮೆಚ್ನಿಕಾಫ್ ಅನ್ನುವ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ನಿಜವಾಗಿಯೂ ಮುಳ್ಳು ಚುಚ್ಚಿಯೇ ಕಂಡುಕೊಂಡರು. ಮರಿ ಗಾಜಿನಷ್ಟು ಪಾರದರ್ಶಕ, ಮರುದಿನ ನೋಡಿದರೆ ಮುಳ್ಳಿನ ಸುತ್ತ ಸೆಲ್‌ಗಳು ಗುಂಪುಗೂಡಿದ್ದವು. 1908ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೇ ನಾನು ಯಾವಾಗಲೂ ಮುಳ್ಳಿನಿಂದಲೇ ಶುರು ಮಾಡುವುದು.

ಇದೇ ಹೊತ್ತಿಗೆ ಮ್ಯಾಕ್ರೋಫೇಜ್ ಬಿಟ್ಟ ರಾಸಾಯನಿಕಗಳು ಮೆದುಳಿನ ಹೈಪೋಥಲಾಮಸ್‌ಗೆ ಸುದ್ದಿ ಮುಟ್ಟಿಸುತ್ತವೆ, ಅದು ಮೈಯ ಬಿಸಿಯ ಗುರಿಯನ್ನು ಮೇಲಕ್ಕೆ ಏರಿಸುತ್ತದೆ. ಗುರಿ 39, ಮೈ ಇನ್ನೂ 37, ಅದಕ್ಕೇ ರೋಗಿಗೆ ಚಳಿ, ನಡುಕ, ಕೈಕಾಲು ತಣ್ಣಗೆ. ನಡುಗುತ್ತಿರುವವರ ಟೆಂಪರೇಚರ್ ಇನ್ನೂ ಏರಲಿಕ್ಕಿದೆ ಅಂತ ಗೊತ್ತಿರಲಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು.

ದಿನಗಳ ಲೆಕ್ಕ ಇದಾದ ಮೇಲೆ. ಡೆಂಡ್ರಿಟಿಕ್ ಸೆಲ್ ಅಂತ ಒಂದಿದೆ, ಅದು ಬ್ಯಾಕ್ಟೀರಿಯಾದ ಚೂರನ್ನು ಹಿಡಿದುಕೊಂಡು ಹತ್ತಿರದ ದುಗ್ಧಗ್ರಂಥಿಗೆ, ಅಂದರೆ ಲಿಂಫ್ ನೋಡ್‌ಗೆ ಹೋಗುತ್ತದೆ. ಅಲ್ಲಿ ಆ ಚೂರಿಗೆ ಸರಿಯಾಗಿ ಕೂರುವ ಟಿ ಸೆಲ್ ಸಿಗಬೇಕು. ಲಕ್ಷಗಟ್ಟಲೆ ಸೆಲ್‌ಗಳಲ್ಲಿ ಒಂದೋ ಎರಡೋ ಅಂಥವು ಇರುತ್ತವೆ. ಸಿಕ್ಕ ಮೇಲೆ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯಬೇಕು. ಪಾದಕ್ಕೆ ಗಾಯವಾದರೆ ತೊಡೆಸಂದಿಯಲ್ಲಿ ಗಂಟು ಏಳುವುದು ಇದಕ್ಕೇ. ಬಿ ಸೆಲ್‌ಗಳೂ ಅಲ್ಲೇ ತಯಾರಾಗಿ, ಕ್ರಿಮಿಗೆ ಅಂಟಿಕೊಳ್ಳುವ ಆಂಟಿಬಾಡಿ ಅನ್ನುವ ಪ್ರೋಟೀನ್ ಮಾಡಲು ಶುರು ಮಾಡುತ್ತವೆ, ಮೊದಲು ಐಜಿಎಂ ಅನ್ನುವ ಬಗೆ, ಆಮೇಲೆ ಐಜಿಜಿ. ಹೊಸ ಕ್ರಿಮಿಗೆ ಇಷ್ಟೆಲ್ಲ ಆಗಲು ಒಂದು ವಾರದಿಂದ ಎರಡು ವಾರ ಬೇಕು. ಅಷ್ಟರವರೆಗೆ ಜೀವ ಹಿಡಿದಿಡುವುದು ಆ ಮೊದಲ ಗಂಟೆಗಳಲ್ಲಿ ಬಂದವರು, ಅದರಲ್ಲೂ ನ್ಯೂಟ್ರೋಫಿಲ್.

ಈಗ ನಿಮ್ಮ 38.4ಕ್ಕೆ ಬರುತ್ತೇನೆ. ದೊಡ್ಡವರ ಬೋನ್ ಮ್ಯಾರೋ, ಅಂದರೆ ಮೂಳೆಯೊಳಗಿನ ಮಜ್ಜೆ, ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ಮಾಡುತ್ತದೆ, ಅವು ಬದುಕುವುದೋ ತುಂಬಾ ಕಡಿಮೆ ಹೊತ್ತು. ಕೀಮೋ ಬೇಗ ಬೇಗ ಬೆಳೆಯುವ ಸೆಲ್‌ಗಳನ್ನೆಲ್ಲ ಹೊಡೆಯುತ್ತದೆ, ಹಾಗಾಗಿ ಈ ಕಾರ್ಖಾನೆಯೂ ನಿಲ್ಲುತ್ತದೆ. ಸಾಮಾನ್ಯವಾಗಿ 7ರಿಂದ 14ನೇ ದಿನದ ಹೊತ್ತಿಗೆ ಎಣಿಕೆ ತಳ ಮುಟ್ಟುತ್ತದೆ. ನಿಮ್ಮ ರೋಗಿ ಹತ್ತನೇ ದಿನ.

ಕೀವು ಕಟ್ಟಿದವರಲ್ಲಿ ನ್ಯೂಟ್ರೋಫಿಲ್‌ಗಳು ಬಂದಿವೆ, ಜಾಗ ಸುತ್ತುವರಿದಿವೆ, ಕಣ್ಣಿಗೆ ಕಾಣುತ್ತಿದೆ. ಕೀಮೋ ಆದವರಲ್ಲಿ ಬರಲು ಯಾರೂ ಇಲ್ಲ. ಕೀವು ಆಗುವುದಿಲ್ಲ, ಕೆಂಪಾಗುವುದು ಕಡಿಮೆ, ನ್ಯುಮೋನಿಯಾ ಇದ್ದರೂ ಎಕ್ಸ್‌ರೇ ಸ್ವಚ್ಛ ಕಾಣಬಹುದು, ಮೂತ್ರದ ಸೋಂಕಿದ್ದರೂ ಪಸ್ ಸೆಲ್ ಸಿಗದೇ ಹೋಗಬಹುದು. ಸೋಂಕಿನ ಎಲ್ಲ ಗುರುತೂ ಅಳಿಸಿ ಹೋಗಿ ಕೊನೆಗೆ ಉಳಿಯುವುದು ಜ್ವರ ಒಂದೇ. ಒಂದು ಸಲ 38.3 ಅಥವಾ ಅದಕ್ಕಿಂತ ಜಾಸ್ತಿ, ಇಲ್ಲವೇ 38 ಒಂದು ಗಂಟೆ ನಿಂತರೆ, ತುರ್ತು ಅಂತಲೇ ಲೆಕ್ಕ. ಯಾವ ಕ್ರಿಮಿ ಅಂತ ನೋಡಲು ರಕ್ತ, ಅಂದರೆ ಬ್ಲಡ್ ಕಲ್ಚರ್, ತೆಗೆದು ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಬೇಕು, ಕಲ್ಚರ್ ರಿಪೋರ್ಟಿಗೆ ಕಾಯುವ ಹಾಗಿಲ್ಲ. ಆರಾಮಾಗಿ ಮಾತಾಡುತ್ತಿದ್ದವರು ಕೆಲವೇ ಗಂಟೆಯಲ್ಲಿ ಬಿಪಿ ಇಳಿದು ಶಾಕ್‌ಗೆ ಹೋಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಲೆಕ್ಕ ಹಾಕುವುದು ಕಲಿಯಿರಿ. ಒಟ್ಟು ಬಿಳಿ ರಕ್ತಕಣವನ್ನು (ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇರುವಷ್ಟು) ನ್ಯೂಟ್ರೋಫಿಲ್ ಮತ್ತು ಬ್ಯಾಂಡ್ (ಇನ್ನೂ ಪೂರ್ತಿ ಬಲಿಯದ ನ್ಯೂಟ್ರೋಫಿಲ್) ಎರಡರ ಶೇಕಡಾ ಸೇರಿಸಿ ಅದರಿಂದ ಗುಣಿಸಿ. ಬಿಳಿಕಣ 1,200, ನ್ಯೂಟ್ರೋಫಿಲ್ ಶೇ 30, ಬ್ಯಾಂಡ್ ಇಲ್ಲ ಅಂದರೆ 360. 500ಕ್ಕಿಂತ ಕಡಿಮೆ ಅಂದರೆ ತೀವ್ರ ಕೊರತೆ. ಇಂಥವರಿಗೆ ಗುದದ್ವಾರದಲ್ಲಿ ಟೆಂಪರೇಚರ್ ನೋಡಬೇಡಿ, ಸಪೋಸಿಟರಿ ಬೇಡ, ಎನಿಮಾ ಬೇಡ, ಅಲ್ಲಿನ ತೆಳು ಪೊರೆ ಸ್ವಲ್ಪ ಗೀರಿದರೂ ಸಾಕು. ಡಾಕ್ಟರಿಗೆ ತಿಳಿಸದೆ ಸುಮ್ನೆ ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸಬೇಡಿ, ಇರುವ ಒಂದೇ ಗುರುತನ್ನೂ ನಾವೇ ಅಳಿಸಿದ ಹಾಗಾಗುತ್ತದೆ.

ಲ್ಯಾಬ್‌ಕಿಟಕಿ:

ರಾತ್ರಿಪಾಳಿ ಅಕ್ಕ ಹೇಳಿದ್ದು ಚೆನ್ನಾಗಿದೆ. ನನ್ನದು ಒಂದು ಸೇರಿಕೆ. ಎಲ್ಲರೂ ಇದನ್ನು ಸೈನ್ಯ ಅಂತ ಕಲಿಸುತ್ತಾರೆ, ಆ ಹೋಲಿಕೆ ಅರ್ಧ ದಾರಿಗೆ ಸಾಕು. ಹೊಡೆಯುವುದಕ್ಕಿಂತ ಕಷ್ಟದ ಕೆಲಸ ಎರಡಿವೆ, ಗುರುತು ಹಿಡಿಯುವುದು ಮತ್ತು ನಿಲ್ಲಿಸುವುದು.

ಗುರುತಿನ ವಿಷಯ ನೋಡಿ. ನಮಗಿರುವ ಜೀನ್‌ಗಳು ಒಟ್ಟು 20 ಸಾವಿರ ಚಿಲ್ಲರೆ, ಆದರೆ ಆಂಟಿಬಾಡಿಗಳ ನಮೂನೆ ಕೋಟಿಗಟ್ಟಲೆ. ಇದು ಹೇಗೆ ಸಾಧ್ಯ ಅಂತ ತೋರಿಸಿದ್ದು ಟೊನೆಗಾವಾ ಅನ್ನುವ ವಿಜ್ಞಾನಿ, ಅದಕ್ಕೇ 1987ರ ನೊಬೆಲ್. ಪ್ರತಿ ಬಿ ಸೆಲ್ ಬೆಳೆಯುವಾಗ ತನ್ನ ಜೀನಿನ ತುಂಡುಗಳನ್ನು ತಾನೇ ಕತ್ತರಿಸಿ ಬೇರೆ ಬೇರೆ ರೀತಿ ಜೋಡಿಸಿಕೊಳ್ಳುತ್ತದೆ. ಅಂದರೆ ಕ್ರಿಮಿ ಬರುವ ಮೊದಲೇ, ಅದನ್ನು ಎಂದೂ ನೋಡದೆಯೇ, ಅದಕ್ಕೆ ಹೊಂದುವ ಸೆಲ್ ಒಂದು ಎಲ್ಲೋ ಕಾಯುತ್ತಿರುತ್ತದೆ. ನನಗೆ ಇದನ್ನು ಎಷ್ಟು ಸಲ ಓದಿದರೂ ಸಾಲದು.

ಹೀಗೆ ಕಣ್ಣುಮುಚ್ಚಿ ಜೋಡಿಸಿದರೆ ಕೆಲವು ನಮ್ಮ ಮೈಯನ್ನೇ ಹಿಡಿಯುವಂಥವು ಆಗುತ್ತವೆ ಅಲ್ವಾ. ಟಿ ಸೆಲ್‌ಗಳನ್ನು ಎದೆಯೊಳಗಿನ ಥೈಮಸ್‌ನಲ್ಲಿ ಮೈಯೇ ಪರೀಕ್ಷೆ ಮಾಡುತ್ತದೆ, ಬಹುಪಾಲು ಅಲ್ಲೇ ಸಾಯುತ್ತವೆ, ಪಾಸಾಗಿ ಹೊರಬರುವುದು ಬೆರಳೆಣಿಕೆ ಶೇಕಡಾ ಅಷ್ಟೇ. ಆದರೂ ತಪ್ಪಿಸಿಕೊಂಡವನ್ನು ಹೊರಗೆ ಹದ್ದುಬಸ್ತಿನಲ್ಲಿಡುವ ಬೇರೆಯೇ ಟಿ ಸೆಲ್‌ಗಳಿವೆ, 2025ರ ನೊಬೆಲ್ ಅದಕ್ಕೇ ಬಂದದ್ದು. ಈ ಹತೋಟಿ ತಪ್ಪಿದರೆ ಮೈ ತನ್ನನ್ನೇ ಹೊಡೆಯುವ ಕಾಯಿಲೆಗಳು, ಲೂಪಸ್, ಟೈಪ್ 1 ಡಯಾಬಿಟಿಸ್‌ನಂಥವು ಬರುತ್ತವೆ.

ಸಹಾಯಕ ಟಿ ಸೆಲ್, ಅಂದರೆ ಸಿಡಿ4, ಒಂದನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ಅದು ತಾನು ಹೊಡೆಯುವುದಕ್ಕಿಂತ ಉಳಿದವರಿಗೆ ಸೂಚನೆ ಕೊಡುವುದು ಜಾಸ್ತಿ. ಎಚ್‌ಐವಿ ಕೊಲ್ಲುವುದು ಇದನ್ನೇ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ರಿಂದ 1,500 ಇರಬೇಕಾದದ್ದು 200ಕ್ಕಿಂತ ಕೆಳಗೆ ಇಳಿದಾಗ, ಉಳಿದ ಸೆಲ್‌ಗಳು ಇದ್ದರೂ ಕೆಲಸ ಹೇಳುವವರಿಲ್ಲದೆ ಕೂರುತ್ತವೆ.

ಹೊಸಏಪ್ರನ್:

ಅಕ್ಕ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ, ಆ ಸಿಸ್ಟರ್ ಯಾಕೆ ಓಡಿದರು ಅಂತ ಈಗ ಗೊತ್ತಾಯಿತು. ಇನ್ನು ಎರಡು ಕೇಳಬಹುದಾ? ಪೆನಿಸಿಲಿನ್ ಮೊದಲ ಸಲ ಕೊಟ್ಟಾಗ ಏನೂ ಆಗದವರಿಗೆ ಎರಡನೇ ಸಲ ರಿಯಾಕ್ಷನ್ ಯಾಕೆ? ಮತ್ತೆ ಟಿಬಿಗೆ ಚರ್ಮದಲ್ಲಿ ಚುಚ್ಚಿ ನೋಡುವ ಮ್ಯಾಂಟೂ ಟೆಸ್ಟ್ ಬೆಳಿಗ್ಗೆ ಹಾಕಿದರೆ ಸಂಜೆಯೇ ನೋಡಿಬಿಡಬಹುದಲ್ವಾ, ಯಾಕೆ ಅಷ್ಟು ದಿನ ಕಾಯಬೇಕು?

ಇಂಜೆಕ್ಷನ್‌ರೂಮ್:

ಎರಡಕ್ಕೂ ಅದೇ ಗಡಿಯಾರದಲ್ಲಿ ಉತ್ತರ ಇದೆ.

ಪೆನಿಸಿಲಿನ್ ಮೊದಲ ಸಲ ಹೋದಾಗ ಕೆಲವರ ಮೈ ಅದಕ್ಕೆ ಐಜಿಇ ಅನ್ನುವ ಆಂಟಿಬಾಡಿ ಮಾಡಿಕೊಳ್ಳುತ್ತದೆ. ಅದಕ್ಕೆ ದಿನಗಳು ಬೇಕು, ಅಷ್ಟರಲ್ಲಿ ರೋಗಿ ಮನೆಗೆ ಹೋಗಿರುತ್ತಾರೆ. ಆ ಐಜಿಇ ಹೋಗಿ ಮಾಸ್ಟ್ ಸೆಲ್ ಮೈಮೇಲೆ ಅಂಟಿಕೊಂಡು ಕೂರುತ್ತದೆ. ಮುಂದಿನ ಸಲ ಔಷಧಿ ಹೋದ ತಕ್ಷಣ ಎಲ್ಲ ಮಾಸ್ಟ್ ಸೆಲ್‌ಗಳೂ ಒಟ್ಟಿಗೆ ಹಿಸ್ಟಮಿನ್ ಸುರಿಯುತ್ತವೆ. ಮುಳ್ಳು ಚುಚ್ಚಿದಾಗ ಕಾಲಲ್ಲಿ ಆದದ್ದೇ ಈಗ ಇಡೀ ಮೈಯಲ್ಲಿ ಆಗುತ್ತದೆ, ನಾಳಗಳು ಹಿಗ್ಗಿ ಬಿಪಿ ಬೀಳುತ್ತದೆ, ಗಂಟಲು ಊದುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಎಲ್ಲ ನಿಮಿಷಗಳಲ್ಲಿ. ಔಷಧಿ ನಿಲ್ಲಿಸಿ, ಸಹಾಯಕ್ಕೆ ಕೂಗಿ, ಅಡ್ರಿನಲಿನ್ ತೊಡೆಯ ಹೊರಭಾಗದ ಸ್ನಾಯುವಿಗೆ. ದೊಡ್ಡವರಿಗೆ 0.5 ಮಿಲಿಗ್ರಾಂ. ಅಲರ್ಜಿಯ ಮಾತ್ರೆ, ಸ್ಟಿರಾಯ್ಡ್ ಎಲ್ಲ ಆಮೇಲೆ, ಅವು ಅಡ್ರಿನಲಿನ್ ಜಾಗ ತುಂಬುವುದಿಲ್ಲ. ರೋಗಿಯನ್ನು ಎಬ್ಬಿಸಿ ನಡೆಸಬೇಡಿ, ಮಲಗಿಸಿ ಕಾಲು ಎತ್ತರಿಸಿ, ಉಸಿರಾಟದ ಕಷ್ಟ ಇದ್ದರೆ ಕೂರಿಸಿ. ಸರಿಹೋದ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಬರಬಹುದು, ನಿಗಾ ಬೇಕು. ಮತ್ತೆ, ಹಿಂದೆ ಕೊಟ್ಟಾಗ ಏನೂ ಆಗಿರಲಿಲ್ಲ ಅಂತ ರೋಗಿ ಹೇಳಿದರೆ ಸಮಾಧಾನ ಪಡಬೇಡಿ, ಯಾಕೆ ಅಂತ ಈಗ ನಿಮಗೇ ಗೊತ್ತು.

ಮ್ಯಾಂಟೂ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಆಂಟಿಬಾಡಿಯ ಕೆಲಸವೇ ಇಲ್ಲ, ಟಿಬಿಯನ್ನು ನೆನಪಿಟ್ಟುಕೊಂಡ ಟಿ ಸೆಲ್‌ಗಳು ನಡೆದು ಬರಬೇಕು, ಬಂದು ಮ್ಯಾಕ್ರೋಫೇಜ್‌ಗಳನ್ನು ಕರೆಯಬೇಕು. ಅದಕ್ಕೆ 48ರಿಂದ 72 ಗಂಟೆ. ಸಂಜೆ ನೋಡಿದರೆ ಕಾಣುವುದು ಸೂಜಿ ಚುಚ್ಚಿದ ಕೆಂಪು ಅಷ್ಟೇ. ಅಳೆಯುವಾಗಲೂ ಕೆಂಪನ್ನು ಅಳೆಯಬೇಡಿ, ಬೆರಳಿಗೆ ಗಟ್ಟಿಯಾಗಿ ಸಿಗುವ ಉಬ್ಬನ್ನು ಕೈಗೆ ಅಡ್ಡಲಾಗಿ ಮಿಲಿಮೀಟರಿನಲ್ಲಿ ಅಳೆಯಿರಿ. ಲ್ಯಾಬ್‌ಕಿಟಕಿ ಹೇಳಿದ ಸಿಡಿ4 ಕಡಿಮೆ ಇರುವವರಲ್ಲಿ ಟಿಬಿ ಇದ್ದರೂ ಉಬ್ಬು ಬರದೇ ಇರಬಹುದು, ಬರಬೇಕಾದವರೇ ಇಲ್ಲವಲ್ಲ.

ಲಸಿಕೆಯೂ ಇದೇ ಕಥೆ. ಮೊದಲ ಡೋಸ್ ಪರಿಚಯ, ಮುಂದಿನದು ನೆನಪನ್ನು ಗಟ್ಟಿ ಮಾಡುವುದು. ಆಮೇಲೆ ನಿಜವಾದ ಕ್ರಿಮಿ ಬಂದಾಗ ಒಂದೆರಡು ವಾರದ ಕೆಲಸ ಕೆಲವೇ ದಿನದಲ್ಲಿ ಆಗುತ್ತದೆ. ದಡಾರದ ಲಸಿಕೆ ಹುಟ್ಟಿದ ಕೂಡಲೇ ಹಾಕದೆ 9 ಅಥವಾ 12 ತಿಂಗಳವರೆಗೆ ಕಾಯುವುದು ಯಾಕೆ ಅಂದರೆ ಹೊಕ್ಕುಳಬಳ್ಳಿಯಲ್ಲಿ ಬಂದ ತಾಯಿಯ ಐಜಿಜಿ ಮಗುವಿನಲ್ಲಿ ಇನ್ನೂ ಇರುತ್ತದೆ, ಅದು ಲಸಿಕೆಯ ವೈರಸ್ಸನ್ನೇ ಹಿಡಿದು ಹಾಕುತ್ತದೆ, ಮಗು ಕಲಿಯುವುದೇ ಇಲ್ಲ.

ಹಿರಿಯರವಾರ್ಡ್:

ರಾತ್ರಿಪಾಳಿ ಸಿಸ್ಟರ್, ಒಂದು ಸಣ್ಣ ತಿದ್ದುಪಡಿ ಮಾಡಲಾ. ಉಳಿಯುವುದು ಜ್ವರ ಒಂದೇ ಅಂದಿರಿ, ವಯಸ್ಸಾದವರಲ್ಲಿ ಮತ್ತು ಸ್ಟಿರಾಯ್ಡ್ ತಗೊಳ್ಳುವವರಲ್ಲಿ ಅದೂ ಬರದೇ ಹೋಗಬಹುದು. ನಿನ್ನೆವರೆಗೆ ಸರಿಯಾಗಿದ್ದ ಅಜ್ಜ ಇವತ್ತು ಮಗನ ಹೆಸರು ತಪ್ಪಿ ಕರೆದರು, ಊಟ ಬೇಡ ಅಂದರು, ಉಸಿರು ನಿಮಿಷಕ್ಕೆ 26 ಇದೆ, ಟೆಂಪರೇಚರ್ 36 ಇದೆ ಅಂದರೂ ಸೋಂಕು ಅಂತ ಯೋಚಿಸಿ. ಮೈ ತಣ್ಣಗಾಗುವುದೂ ಕೆಟ್ಟ ಸೂಚನೆ.

ರಾತ್ರಿಪಾಳಿ:

ಸರಿಯಾದ ಮಾತು, ನಾನು ಅದನ್ನು ಬರೆಯಲೇಬೇಕಿತ್ತು.

ಹೊಸಏಪ್ರನ್:

ಇವತ್ತು ಡ್ಯೂಟಿಯಲ್ಲಿ ಒಬ್ಬರ ರಿಪೋರ್ಟ್ ನೋಡಿ ನಾನೇ ಲೆಕ್ಕ ಹಾಕಿದೆ. ಬಿಳಿಕಣ 2,400, ನ್ಯೂಟ್ರೋಫಿಲ್ ಶೇ 18, ಬ್ಯಾಂಡ್ ಶೇ 2. ಸೇರಿಸಿದರೆ 20, ಅಂದರೆ 480 ಬಂತು. ಸರಿನಾ ಅಕ್ಕ?

ರಾತ್ರಿಪಾಳಿ:

ಸರಿ ಇದೆ, 480. ಇನ್‌ಚಾರ್ಜ್‌ಗೆ ಹೇಳಿದಿರಾ? ಟೆಂಪರೇಚರ್ ಎಷ್ಟಿತ್ತು?

ಹೊಸಏಪ್ರನ್:

37.1. ಮೊದಲು ಹೇಳಿದೆ, ಆಮೇಲೆ ಚಾರ್ಟ್ ಬರೆದೆ. ಈಗ ಎರಡು ಗಂಟೆಗೊಮ್ಮೆ ನೋಡುತ್ತಿದ್ದೇನೆ.