ಎಂಪಿ3 ಫೈಲುಗಳನ್ನು ಜೋಡಿಸಿದ ಮೇಲೆ ಭಾಗವತರ ಶ್ರುತಿ ಇಳಿಯುತ್ತಿದೆ, ಪರಿಹಾರ ಬೇಕು

ಕರಾವಳಿ ಕೇಳುಗ:
ಅಪ್ಪ 90 ನಿಮಿಷದ ಕ್ಯಾಸೆಟ್‌ಗಳಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ತಾಳಮದ್ದಳೆಯನ್ನು (ವೇಷವಿಲ್ಲದೆ ಕೂತು, ಭಾಗವತರ ಹಾಡು ಮತ್ತು ಅರ್ಥಧಾರಿಗಳ ಮಾತಿನಲ್ಲಿ ನಡೆಸುವ ಯಕ್ಷಗಾನ) ಎಂಪಿ3ಗೆ ಇಳಿಸಿದ್ದೇವೆ. ಇಡೀ ರಾತ್ರಿಯ ಕೂಟ, 11 ಬದಿ. ಮೊದಲ ಕೆಲವು ಬದಿ ಅಂಗಡಿಯಲ್ಲಿ ಮಾಡಿಸಿದ್ದು, ಉಳಿದವು ಮನೆಯ ಲ್ಯಾಪ್‌ಟಾಪಿನಲ್ಲಿ ಆದದ್ದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕಾಪಿ ಕಮಾಂಡಿಗೆ ಬೈನರಿ ಸ್ವಿಚ್ ಕೊಟ್ಟು ಎಲ್ಲವನ್ನೂ ಒಂದೇ ಫೈಲ್ ಮಾಡಿದೆ. ಒಂದನೇ ಬದಿ ಮುಗಿದ ಕೂಡಲೇ ಹತ್ತನೆಯದು ಶುರುವಾಗುತ್ತದೆ. ಅಲ್ಲಿ ಭಾಗವತರ ಶ್ರುತಿ ಇಳಿದು ಮಾತೆಲ್ಲ ಎಳೆದಂತೆ ಕೇಳುತ್ತದೆ, ಎರಡನೇ ಬದಿ ಬಂದಾಗ ಮತ್ತೆ ಸರಿ. ಫೋನಿನಲ್ಲಿ ಒಟ್ಟು ಅವಧಿ 45 ನಿಮಿಷ ಅಂತಲೇ ತೋರಿಸುತ್ತಿದೆ. ದುಡ್ಡು ಕೊಡದೆ ಸಿಗುವ ಸಾಫ್ಟ್‌ವೇರ್ ಯಾವುದಾದರೂ ಇದೆಯೇ?

ಹಳೇ ಡೆಕ್:
ಡೆಕ್‌ನ ಬೆಲ್ಟ್ ಸಡಿಲವಾಗಿರಬಹುದು. ಟೇಪ್ ನಿಧಾನವಾದರೆ ಶ್ರುತಿ ಇಳಿಯುತ್ತದೆ.

ರೀಲು ಟೇಪು:
ಹತ್ತನೇ ಬದಿಯ ಫೈಲ್ ಒಂದನ್ನೇ ಹಾಕಿ ಕೇಳಿ. ಅದು ಸರಿ ಇದ್ದರೆ ಡೆಕ್‌ನ ತಪ್ಪಲ್ಲ. ಜೋಡಿಸಿದ ಫೈಲಿನಲ್ಲಿ ಅದೇ ಬದಿ ಎಷ್ಟು ಹೊತ್ತು ಓಡುತ್ತದೆ, ಶ್ರುತಿ ಎಷ್ಟು ಇಳಿದಿದೆ ಅಂತಲೂ ನೋಡಿ ಹೇಳಿ.

ಕರಾವಳಿ ಕೇಳುಗ:
ಒಂದೇ ಹಾಕಿದರೆ ಸರಿ ಇದೆ. ಜೋಡಿಸಿದ್ದರಲ್ಲಿ ಸುಮಾರು 49 ನಿಮಿಷ. ಹಾರ್ಮೋನಿಯಂ ಹಿಡಿದು ನೋಡಿದೆ: ಕಪ್ಪು ಮೂರರ (ಮೂರನೇ ಕಪ್ಪು ಮನೆಯ ಶ್ರುತಿಯ) ಹಾಡು ಬಿಳಿ ಮೂರಕ್ಕೂ ನಾಲ್ಕಕ್ಕೂ ನಡುವೆ ಬಂದು ನಿಂತಿದೆ.

ರೀಲು ಟೇಪು:
ಹಾಗಾದರೆ ಸ್ಯಾಂಪಲ್ ರೇಟ್‌ನದೇ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಬಾರಿ ಅಳೆದು ಬರೆದಿದೆ ಎಂಬ ಲೆಕ್ಕದ್ದೇ) ಸಮಸ್ಯೆ. ಅಂಗಡಿಯ ಫೈಲುಗಳು 44,100 ಹರ್ಟ್ಸ್, ಲ್ಯಾಪ್‌ಟಾಪಿನವು 48,000 ಇರಬೇಕು. ನಿಮ್ಮ ಪ್ಲೇಯರ್ ಮೊದಲ ಫೈಲಿನ ರೇಟನ್ನೇ ಕೊನೆವರೆಗೂ ಹಿಡಿದುಕೊಂಡಿದೆ. 48,000ದ ಧ್ವನಿಯನ್ನು 44,100ರಲ್ಲಿ ಓಡಿಸಿದರೆ 45 ನಿಮಿಷ 49 ಆಗುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಕೂತಿತು.

ಕಾಪಿ ಕಮಾಂಡ್ ಬೈಟುಗಳನ್ನು ಒಂದರ ಹಿಂದೆ ಒಂದು ಅಂಟಿಸುತ್ತದೆ, ಅಷ್ಟೇ. ಎಂಪಿ3ಯ ಮೊದಲ ಫ್ರೇಮಿನಲ್ಲಿ ಆ ಫೈಲಿನ ಉದ್ದ ಬರೆದಿರುವುದುಂಟು. ಫೋನ್ ಅದನ್ನೇ ನಂಬಿ 45 ನಿಮಿಷ ತೋರಿಸುತ್ತಿದೆ. ಇನ್ನು ಕ್ರಮ ತಪ್ಪಿದ್ದು ಹೆಸರಿನಿಂದ: ಅಕ್ಷರದ ಸಾಲಿನಲ್ಲಿ 1 ಆದ ಮೇಲೆ 10, 11, ಆಮೇಲೆ 2. ಫೈಲುಗಳಿಗೆ 01, 02 ಅಂತ ಹೆಸರಿಡಿ.

ಜೋಡಿಸಲು ಅಡಾಸಿಟಿ ಹಾಕಿಕೊಳ್ಳಿ. ಉಚಿತ, ಓಪನ್ ಸೋರ್ಸ್. ಎಲ್ಲ ಫೈಲುಗಳನ್ನೂ ಇಂಪೋರ್ಟ್ ಮಾಡಿ. ಒಂದೊಂದೂ ಬೇರೆ ಟ್ರ್ಯಾಕ್ ಆಗಿ ಒಂದರ ಕೆಳಗೊಂದು ಕೂರುತ್ತದೆ, ರೇಟ್ ಬೇರೆ ಇದ್ದರೂ ಅದೇ ಸರಿಮಾಡಿಕೊಳ್ಳುತ್ತದೆ. ಎಲ್ಲವನ್ನೂ ಸೆಲೆಕ್ಟ್ ಮಾಡಿ, ಟ್ರ್ಯಾಕ್ಸ್ ಮೆನುವಿನ ಅಲೈನ್ ಟ್ರ್ಯಾಕ್ಸ್‌ನಲ್ಲಿ ಅಲೈನ್ ಎಂಡ್ ಟು ಎಂಡ್ ಒತ್ತಿ. ಮೇಲಿನಿಂದ ಕೆಳಗಿನ ಕ್ರಮದಲ್ಲೇ ಸಾಲಾಗಿ ನಿಲ್ಲುತ್ತವೆ. ಆಮೇಲೆ 44,100ರಲ್ಲಿ ಎಕ್ಸ್‌ಪೋರ್ಟ್ ಮಾಡಿ. ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ: ಕೆಲಸ ನಡೆಯುವಾಗ ಒಂದು ಸ್ಟೀರಿಯೋ ಬದಿಗೆ ಹೆಚ್ಚುಕಮ್ಮಿ 1 ಜಿಬಿ ಬೇಕು.

ಹಳೇ ಡೆಕ್:
ಎಂಪಿ3ಯನ್ನು ಮತ್ತೆ ಎಂಪಿ3 ಮಾಡಿದರೆ ಗುಣಮಟ್ಟ ಹೋಗುವುದಿಲ್ಲವೇ? ಎಂಪಿ3ಡೈರೆಕ್ಟ್‌ಕಟ್ ಸಾಫ್ಟ್‌ವೇರ್ ಎಂಪಿ3ಯನ್ನು ಬಿಚ್ಚದೆಯೇ (ಡಿಕೋಡ್ ಮಾಡದೆಯೇ) ಜೋಡಿಸುತ್ತದಲ್ಲ.

ರೀಲು ಟೇಪು:
ಸ್ವಲ್ಪ ಹೋಗುತ್ತದೆ, ನಿಜ. ಆದರೆ ಬಿಚ್ಚದೆ ಜೋಡಿಸಬೇಕಾದರೆ ಎಲ್ಲ ಫೈಲಿನ ರೇಟ್ ಒಂದೇ ಇರಬೇಕು, ಮೋನೋ ಅಥವಾ ಸ್ಟೀರಿಯೋ ಕೂಡ ಒಂದೇ ಇರಬೇಕು. ಇಲ್ಲಿ ಹಾಗಿಲ್ಲ. ಮನೆಯಲ್ಲಿ ಇಳಿಸಿದವುಗಳ ವೇವ್ ಫೈಲ್ (ಎಂಪಿ3 ಮಾಡುವ ಮೊದಲಿನ, ಕುಗ್ಗಿಸದ ಫೈಲ್) ಉಳಿದಿದ್ದರೆ ಅದನ್ನೇ ಬಳಸಿ, 192 ಕೆಬಿಪಿಎಸ್‌ನಲ್ಲಿ ಉಳಿಸಿ. ಮಾತೇ ಹೆಚ್ಚಿರುವ ಕ್ಯಾಸೆಟ್ಟಿಗೆ ಅದು ಧಾರಾಳ.

ಕರಾವಳಿ ಕೇಳುಗ:
ಸರಿಹೋಯಿತು! ಶ್ರುತಿ ಕೊನೆವರೆಗೂ ಕಪ್ಪು ಮೂರರಲ್ಲೇ ಇದೆ, ಅವಧಿಯೂ ಪೂರ್ತಿ ತೋರಿಸುತ್ತಿದೆ. ಇನ್ನೊಂದು ಮಾತು. ನಾಲ್ಕನೇ ಬದಿಯ ಕೊನೆಗೆ ಪದ್ಯ ಅರ್ಧಕ್ಕೇ ನಿಲ್ಲುತ್ತದೆ, ಐದನೆಯದು ಅರ್ಥದ (ಅರ್ಥಧಾರಿಯ ಮಾತಿನ) ನಡುವೆ ಶುರುವಾಗುತ್ತದೆ. ಕ್ರಾಸ್‌ಫೇಡ್ ಕೊಟ್ಟು (ಒಂದರ ಧ್ವನಿ ಇಳಿಯುತ್ತಿರುವಾಗಲೇ ಇನ್ನೊಂದರದ್ದು ಏರುವಂತೆ ಮಾಡಿ) ನಯ ಮಾಡಲೇ?

ರೀಲು ಟೇಪು:
ಬೇಡ ಅನ್ನುತ್ತೇನೆ. ಕ್ಯಾಸೆಟ್ ಮಗುಚುವ ಹೊತ್ತಿಗೆ ಹೋದದ್ದು ಟೇಪಿನಲ್ಲೇ ಇಲ್ಲ. ಕ್ರಾಸ್‌ಫೇಡ್ ಕೊಟ್ಟರೆ ಭಾಗವತರ ಪದ್ಯದ ಮೇಲೆಯೇ ಅರ್ಥಧಾರಿಯ ಮಾತು ಹತ್ತಿಬಿಡುತ್ತದೆ, ಕೇಳಿದವರು ಕೂಟದಲ್ಲಿ ಹಾಗೇ ನಡೆಯಿತು ಅಂದುಕೊಳ್ಳುತ್ತಾರೆ. ಟೇಪಿನ ಖಾಲಿ ಹಿಸ್ಸ್ ಉದ್ದವಿದ್ದರೆ ಕತ್ತರಿಸಿ, ನಡುವೆ ಎರಡು ಸೆಕೆಂಡು ಮೌನ ಬಿಡಿ.